ಶೋಭಾಳ ಪಾದಕ್ಕೊಂದು ರಜಾಯಿ

ರೆಪ್ಪೆಯ ಮೇಲೆ ಏನೋ ಕೂತಿದೆ, ಎಳೆಯೋ ಧೂಳೋ, ಮಿಟುಕಿಸಿದರೆ ಬೆಳಗಿನ ಕಿಟಕಿ ಎರಡಾಗಿ ಕಾಣುತ್ತದೆ, ಒರೆಸಿಕೊಳ್ಳೋಣವೆಂದರೆ ಮೋಹನ್‌ಬಾಬುವಿನ ಎರಡು ಕೈಯಲ್ಲೂ ಹೊಸ ರಜಾಯಿ — ನಿನ್ನೆ ಸಂಜೆ ಕೊನೆಯ ಹೊಲಿಗೆ ಹಾಕಿದ್ದು, ಐದನೆಯದು, ಇಷ್ಟು ಹಗುರದ್ದನ್ನು ಅವನು ಇಪ್ಪತ್ತಾರು ವರ್ಷದಲ್ಲಿ ಹೊಲಿದಿಲ್ಲ, ಚಿಂತಾಮಣಿಯಲ್ಲಿ ಮದುವೆಗೆ ಹಾಸಿಗೆ ಅಂದರೆ ಅವನ ಅಂಗಡಿ, ಬಾಣಂತಿಗೆ ರಜಾಯಿ ಅಂದರೆ ಅವನ ಅಂಗಡಿ, ಮೋಹನಣ್ಣ ತುಂಬಿದ ಹತ್ತಿ ಗಂಟು ಕಟ್ಟಲ್ಲ ಕಣಮ್ಮ ಅಂತ ಹೆಂಗಸರು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ, ಆ ಕೈಗೆ ಸ್ವಂತ ಹೆಂಡತಿಯ ಎರಡು ಪಾದ ಮುಚ್ಚಲು ಆಗುತ್ತಿಲ್ಲ. ಶೋಭಾರಾಣಿ ಗೋಡೆಗೆ ಒರಗಿ ಕೂತಿದ್ದಾಳೆ, ಮೊಣಕಾಲಿನವರೆಗೆ ಶಾಲು, ಅದರ ಕೆಳಗೆ ಹೊದಿಕೆ ಏನೂ ಇಲ್ಲ, ಡಿಸೆಂಬರಿನ ಚಳಿ ನೇರ ಅಲ್ಲಿಗೇ ಬಂದು ಕೂತಿದೆ, ಬಿಟ್ರೆ ಐಸಿನಲ್ಲಿ ಇಟ್ಟಂಗೆ ಆಗ್ತದೆ ರೀ, ಮುಚ್ಚಿದ್ರೆ ಕೆಂಡ ಸುರಿದಂಗೆ ಆಗ್ತದೆ, ನಾನೇನ್ ಮಾಡ್ಲಿ — ಇದನ್ನು ಅವಳು ಹೇಳಿದ್ದು ದೀಪಾವಳಿಗೆ, ಅಲ್ಲ, ಅದಕ್ಕೂ ಮುಂಚೆ, ಎರಡು ವರ್ಷದಿಂದ ಕಾಲು ಜುಮ್ಮನ್ನುತ್ತದೆ ಅನ್ನುತ್ತಲೇ ಇದ್ದಳು, ಅಂಗನವಾಡಿ ಕೆಲಸದಿಂದ ಬಂದು ಚಪ್ಪಲಿ ಬಿಡುವಾಗ ಬಾಗಿಲು ಹಿಡಿದುಕೊಳ್ಳುತ್ತಿದ್ದಳು, ಅವನು ಹತ್ತಿ ಹಿಂಜುವ ಮೆಷಿನ್ನಿನ ಮುಂದಿನಿಂದ ತಲೆಯೆತ್ತದೆ ಕಾಲುಚೀಲ ಹಾಕ್ಕೊಳ್ಳೇ ಅಂದಿದ್ದ, ಕಾಲುಚೀಲ, ಎರಡು ವರ್ಷ ಅವನು ಹೇಳಿದ ಮದ್ದು ಅದೊಂದೇ.

ಸಕ್ಕರೆ ಕಾಯಿಲೆ ನರಗಳನ್ನ ಹಾಳುಮಾಡಿದೆ ನೋಡಿ, ಬಟ್ಟೆ ಸೋಕಿದ್ರೂ ಉರಿಯುತ್ತೆ, ಮಾತ್ರೆ ಹಿಡಿಯೋಕೆ ಟೈಮ್ ಬೇಕು, ಹೊದಿಕೇದೇನೂ ತಪ್ಪಿಲ್ಲ, ಅಂದರು ಡಾಕ್ಟರು, ಅವನಿಗೆ ಕೇಳಿಸಿದ್ದು ಮಾತ್ರ ಹೊದಿಕೆ ಎಂಬ ಒಂದೇ ಪದ, ನರದ ವಿಷಯ ಅವನಿಗೇನು ಗೊತ್ತು, ಹೊದಿಕೆಯ ವಿಷಯ ಗೊತ್ತು, ಬಸ್ಸಿನಲ್ಲಿ ವಾಪಸು ಬರುವಾಗಲೇ ಲೆಕ್ಕ ಹಾಕಿದ್ದ, ಹೊಸ ಹತ್ತಿಯನ್ನು ಮೂರು ಸಲ ಹಿಂಜಿ ಅರ್ಧಕ್ಕರ್ಧ ಕಡಿಮೆ ತುಂಬಿದರೆ — ತುಂಬಿ, ಹೊಲಿದು, ಹೊದಿಸಿದ, ತೆಗೀರಿ ಅಂದಳು ಶೋಭಾ. ಫೈಬರ್ ತುಂಬಿದ, ಬುಸ್ಸನೆ ಉಬ್ಬಿತು, ತೂಕವೇ ಇಲ್ಲ ಅಂದುಕೊಂಡ, ಅದು ಹೆಬ್ಬೆರಳಿಗೆ ತಾಗಿದಾಗ ಶೋಭಾ ಕೂಗಿದ ಕೂಗಿಗೆ ಪಕ್ಕದ ಮನೆಯ ಶ್ಯಾಮಲಮ್ಮ ಒಲೆಯ ಮೇಲಿನ ಹಾಲು ಬಿಟ್ಟು ಓಡಿಬಂದರು, ಏಮಯಿಂದಮ್ಮಾ, ಏನಾಯ್ತು, ಅವನು ರಜಾಯಿ ಹಿಡಿದುಕೊಂಡು ಕಳ್ಳನ ಹಾಗೆ ನಿಂತಿದ್ದ. ಆಮೇಲೆ ಅಂಬಾಜಿದುರ್ಗದ ತಪ್ಪಲಿನ ವೆಂಕಟರವಣಪ್ಪ ತನ್ನ ಕುರಿಮರಿಗಳ ಮೊದಲ ಉಣ್ಣೆ ಕತ್ತರಿಸಿ ಕೊಟ್ಟ, ಎಳೇ ಮರೀದು ಕಣಣ್ಣ, ಬೆಣ್ಣೆ ಇದ್ದಂಗದೆ, ಬೆಣ್ಣೆಯಂತೇ ಇತ್ತು, ಆದರೆ ಬಟ್ಟೆಯ ನೇಯ್ಗೆಯಿಂದ ಕೂದಲು ಒಂದೊಂದಾಗಿ ಹೊರಗೆ ಇಣುಕಿ ಚುಚ್ಚಿದವು, ಅವಳು ಅತ್ತಳು, ಆಗ ಅವನ ಬಾಯಿಂದ ಆ ಮಾತು ಬಂತು, ಹೇಗೆ ಬಂತೋ, ಎಲ್ಲದಕ್ಕೂ ಆಗಲ್ಲ ಆಗಲ್ಲ ಅಂದ್ರೆ ಇನ್ನೇನೇ ತುಂಬ್ಲಿ, ಬರೀ ಗಾಳಿ ತುಂಬ್ಲಾ — ಶೋಭಾ ಅಳು ನಿಲ್ಲಿಸಿದಳು, ಸೆರಗಿನಿಂದ ಮುಖ ಒರೆಸಿಕೊಂಡಳು, ಅವತ್ತಿನಿಂದ ತೆಗೀರಿ ಅನ್ನುವುದನ್ನೂ ನಿಲ್ಲಿಸಿದಳು. ಬೂರುಗದ ಹತ್ತಿಯದನ್ನು ಹೊದಿಸಿ ಅವನು ಆಚೆ ಹೋಗಿ ಬರುವಷ್ಟರಲ್ಲಿ ಅದನ್ನು ಮಡಿಸಿ ಪಕ್ಕಕ್ಕಿಟ್ಟಿದ್ದಳು, ಅಷ್ಟೇ.

ಹಾಗಾಗಿ ಇದು, ರೇಷ್ಮೆ, ಶಿಡ್ಲಘಟ್ಟದಲ್ಲಿ ನೂಲು ಬಿಚ್ಚುವ ನಲ್ಲಪ್ಪನ ಹತ್ತಿರ ಗೂಡಿನಲ್ಲಿ ಉಳಿದ ಹಾಳು ಎಳೆ ತಂದು, ಸೋಪಿನ ನೀರಲ್ಲಿ ಕುದಿಸಿ, ಹುಳುವಿನ ವಾಸನೆ ಹೋಗಲೆಂದು ಏಳು ದಿನ ಮಹಡಿಯ ಮೇಲೆ ಒಣಗಿಸಿ, ಮೆಷಿನ್ನಿಗೆ ಕೊಟ್ಟರೆ ಹರಿಯುತ್ತದೆಂದು ಬೆರಳಲ್ಲೇ ಬಿಡಿಸಿ ಬಿಡಿಸಿ — ಇದಕ್ಕಿಂತ ಹಗುರ ಬೇಕಂದ್ರೆ ಸಿಗಲ್ಲಪ್ಪ ಅಂದಿದ್ದ ನಲ್ಲಪ್ಪ, ಸಿಗಲ್ಲ, ಇದರ ಆಚೆ ಅವನಿಗೂ ಇನ್ನೊಂದು ಗೊತ್ತಿಲ್ಲ. ಬಗ್ಗುತ್ತಾನೆ, ಉಸಿರು ಹಿಡಿದು ಮೊದಲು ಅಂಚನ್ನು, ಆಮೇಲೆ ಮಧ್ಯವನ್ನು ಇಳಿಬಿಡುತ್ತಾನೆ, ರಜಾಯಿ ಪಾದದ ಮೇಲೆ ಕೂರುವುದಕ್ಕೆ ಎಷ್ಟೋ ಹೊತ್ತು ತೆಗೆದುಕೊಂಡಂತಿದೆ, ಹೆಂಗಿದೆ ಶೋಭಾ, ಅವಳ ಕಣ್ಣು ಮುಚ್ಚಿದೆ, ಚೆನ್ನಾಗಿದೆ ರೀ, ನಿಜ್ವಾಗ್ಲೂನಾ, ನಿಜ್ವಾಗ್ಲೂ ಕಣ್ರೀ, ಹೊದ್ದಿರೋದೇ ಗೊತ್ತಾಗ್ತಿಲ್ಲ, ನೀವ್ ಹೋಗಿ ಅಂಗಡಿ ತೆಗೀರಿ, ಹೊತ್ತಾಯ್ತು — ಅವನ ಎದೆಯೊಳಗೆ ಏನೋ ಸಡಿಲವಾಗಿ ನಗು ಗಂಟಲಿನವರೆಗೆ ಬರುತ್ತದೆ, ಬೀಗದ ಕೈಗೆ ಕೈ ಚಾಚುತ್ತಾನೆ, ಸುಮ್ಮನೆ ಒಮ್ಮೆ ತಿರುಗಿ ನೋಡುತ್ತಾನೆ, ನೋಡಬಾರದಿತ್ತು, ರಜಾಯಿಯ ತುದಿ ಅಲುಗುತ್ತಿದೆ, ತೆಳ್ಳನೆಯ ರೇಷ್ಮೆಯ ಕೆಳಗೆ ಬೆರಳುಗಳು ಒಂದೊಂದೇ ಒಳಕ್ಕೆ ಮುದುಡಿಕೊಳ್ಳುತ್ತಿವೆ, ಮೇಲೆ ಅವಳ ಮುಖ ನಗುತ್ತಿದೆ, ಬಿಗಿದ ತುಟಿಯಿಂದ, ಅವನಿಗಾಗಿ, ಎತ್ತಿಬಿಡಬೇಕು, ಈಗಲೇ, ಎತ್ತಿದರೆ ತನಗೆ ಗೊತ್ತಾಯಿತೆಂದು ಅವಳಿಗೆ ಗೊತ್ತಾಗುತ್ತದೆ, ಆಮೇಲೆ ಇಬ್ಬರಿಗೂ ಹೇಳುವುದಕ್ಕೆ ಏನೂ ಉಳಿಯುವುದಿಲ್ಲ, ಎತ್ತದಿದ್ದರೆ — ಹೋಗಿ ರೀ ಅನ್ನುತ್ತಾಳೆ ಮತ್ತೆ, ಹೊರಡ್ತೀನಿ ಅನ್ನುತ್ತಾನೆ, ಕಾಲು ಏಳುವುದಿಲ್ಲ, ಬೆರಳುಗಳು ಮುದುಡುತ್ತವೆ, ಬಿಚ್ಚಿಕೊಳ್ಳುತ್ತವೆ, ಮತ್ತೆ ಮುದುಡುತ್ತವೆ, ರೇಷ್ಮೆ ಏಳುತ್ತದೆ, ಇಳಿಯುತ್ತದೆ, ಬೆರಳುಗಳು, ಆ ಹತ್ತು ಬೆರಳುಗಳು