ಕರಿ ಸೂಟಿಗೆ ಇಲಿ ಬಿದ್ದದ್ದು

ಅಕ್ಟೋಬರ್ ಮೊದಲ ವಾರ. ದ್ರಾಕ್ಷಿ ಕೊಯ್ಲು ಅರ್ಧ ಮುಗಿದಿತ್ತು. ಬೆಳಗಿನ ಮಂಜು ಕರಗುವ ಮೊದಲೇ ಜನ ಬಕೆಟ್ಟು, ಕತ್ತರಿ ಹಿಡಿದು ಇಳಿಜಾರಿನ ಸಾಲುಗಳೊಳಗೆ ಹೊಕ್ಕಿರುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಎಲ್ಲರ ಬೆರಳೂ ನೇರಳೆ, ಎಲ್ಲರ ತಲೆಯ ಸುತ್ತಲೂ ಕಣಜದ ಹುಳು. ಈ ಮೂರು ವಾರ ನನ್ನ ಆರೋಗ್ಯ ಕೇಂದ್ರಕ್ಕೆ ಬರುವವರು ಎರಡೇ ಬಗೆ: ಬೆರಳು ಕತ್ತರಿಸಿಕೊಂಡವರು, ಕಣಜ ಕಚ್ಚಿಸಿಕೊಂಡವರು. ಮಿಕ್ಕ ಕಾಯಿಲೆಗಳನ್ನೆಲ್ಲ ನಮ್ಮ ಹಳ್ಳಿ ಸಾಲ್ಚೋರಾದ ಜನ ನವೆಂಬರಿಗೆ ಮುಂದೂಡುತ್ತಾರೆ. ಇಪ್ಪತ್ತೇಳು ವರ್ಷದಿಂದ ಇಲ್ಲಿ ನರ್ಸ್ ಆಗಿ ನಾನೂ ಅದಕ್ಕೆ ಹೊಂದಿಕೊಂಡಿದ್ದೇನೆ.

ಆ ವರ್ಷ ಮುಂದೂಡಲು ಬಾರದ್ದು ಒಂದೇ ಇತ್ತು. ಅದು ಅಗ್ಲಾಯಾಳ ಹೊಟ್ಟೆ.

ಅಗ್ಲಾಯಾ ದ್ರಾಕ್ಷಿ ಹಿಂಡುವ ಕೊಟ್ಟಿಗೆಯಲ್ಲಿ ಕೆಲಸ ಮಾಡುವ ಆಂತೋನನ ಹೆಂಡತಿ. ಇಪ್ಪತ್ತನಾಲ್ಕರ ಹುಡುಗಿ, ಚೊಚ್ಚಲು. ಮೂರನೇ ತಿಂಗಳಲ್ಲಿ ಅವಳ ರಕ್ತ ಪರೀಕ್ಷೆಗೆ ಕಳಿಸಿದಾಗ ಹೆಪಟೈಟಿಸ್ ಬಿ ಇದೆ ಎಂದು ಬಂತು. ಪಿತ್ತಜನಕಾಂಗಕ್ಕೆ ಅಂಟಿಕೊಂಡು ವರ್ಷಗಟ್ಟಲೆ ಸದ್ದಿಲ್ಲದೆ ಕೂರುವ ವೈರಸ್ಸು. ಬಾಗಿಲು ಹಾಕಿ ಕೂರಿಸಿಕೊಂಡು ಹೇಳಿದೆ. ಅವಳು ಅಳಲಿಲ್ಲ.

"ಅಮ್ಮನಿಂದ ಬಂದಿದ್ದಾ, ಝೀನಾ ಅಕ್ಕ?"

ಅವಳ ತಾಯಿ ನಲವತ್ತೊಂದಕ್ಕೆ ಪಿತ್ತಜನಕಾಂಗ ಕೆಟ್ಟು ತೀರಿಕೊಂಡಿದ್ದಳು.

"ಇರಬಹುದು. ನೀನು ಹುಟ್ಟಿದಾಗ ನಮ್ಮ ಕಡೆ ಯಾರೂ ಪರೀಕ್ಷೆ ಮಾಡ್ತಿರಲಿಲ್ಲ."

"ಹಂಗಾದ್ರೆ ನನ್ನಿಂದ ಇದಕ್ಕೂ."

"ತಪ್ಪಿಸಬಹುದು. ಅದಕ್ಕೇ ನಾನಿರೋದು."

ತಪ್ಪಿಸುವ ದಾರಿ ಕಷ್ಟದ್ದೇನಲ್ಲ. ಏಳನೇ ತಿಂಗಳಿಂದ ಅವಳು ದಿನಕ್ಕೊಂದು ಮಾತ್ರೆ ನುಂಗಬೇಕು. ಮಗು ಹುಟ್ಟಿದ ಹನ್ನೆರಡು ಗಂಟೆಯೊಳಗೆ ಅದರ ಎರಡು ತೊಡೆಗೆ ಎರಡು ಚುಚ್ಚುಮದ್ದು ಬೀಳಬೇಕು. ಒಂದು ಲಸಿಕೆ. ಇನ್ನೊಂದು, ಮಗುವಿನ ಮೈ ತಾನೇ ಕಾವಲು ಕಟ್ಟಿಕೊಳ್ಳುವವರೆಗೆ ಎರವಲು ಕೊಡುವ ಸಿದ್ಧ ಕಾವಲು. ಆ ಎರಡನೆಯದನ್ನು ಹನ್ನೊಂದು ಕಾಗದ ಬರೆದು ರಾಜಧಾನಿಯಿಂದ ತರಿಸಿದ್ದೆ. ಅಗ್ಲಾಯಾಳ ಹೆಸರಿನ ಚೀಟಿ ಅಂಟಿಸಿದ ಆ ಪುಟ್ಟ ಸೀಸೆ ಜಿಲ್ಲಾ ಆಸ್ಪತ್ರೆಯ ಫ್ರಿಜ್ಜಿನಲ್ಲಿತ್ತು. ನನ್ನ ಫ್ರಿಜ್ಜಿಗೆ ಕರೆಂಟು ಹೋದಾಗಲೆಲ್ಲ ನಿದ್ದೆ. ಅದನ್ನು ನಂಬಿ ಇಡುವಂತಿಲ್ಲ.

ಸೀಸೆ ಅಲ್ಲಿ, ಹೊಟ್ಟೆ ಇಲ್ಲಿ. ನಡುವೆ ಮೂವತ್ತೆಂಟು ಕಿಲೋಮೀಟರು, ಅದರಲ್ಲಿ ಮೊದಲ ಒಂಬತ್ತು ಬರೀ ಜೇಡಿಮಣ್ಣು. ನೋವು ಬರುವವರೆಗೆ ಆಸ್ಪತ್ರೆಯವರು ಹಾಸಿಗೆ ಕೊಡುವುದಿಲ್ಲ. ಮಳೆ ಬಿದ್ದರೆ ಆಂಬುಲೆನ್ಸು ಡಾಂಬರು ಮುಗಿಯುವಲ್ಲೇ ನಿಂತುಬಿಡುತ್ತದೆ. ಹೋದ ವಸಂತದಲ್ಲಿ ಮಣ್ಣು ಆರಲೆಂದು ಒಂದೂವರೆ ದಿನ ನಿಂತಿತ್ತು. ಟ್ರ್ಯಾಕ್ಟರಿನ ಮೇಲೆ ಕೂರಿಸಿದರೆ ಮಗು ಅರ್ಧ ದಾರಿಯಲ್ಲೇ ಇಳಿದುಬಿಡುತ್ತದೆ. ಕೆಸರಿನಲ್ಲಿ ಏರಬಲ್ಲ ಕಾರು ಊರಿಗೆ ಒಂದೇ, ತ್ರೋಫಿಮನ ಹಳೇ ನೀವಾ.

ತ್ರೋಫಿಮ್ ಈ ಗಂಡಹೆಂಡಿರ ನನಾಶ್. ಅವರ ಮದುವೆಯಲ್ಲಿ ಮೇಣದಬತ್ತಿ ಹಿಡಿದು ನಿಂತ ಧರ್ಮದ ತಂದೆ. ವಯಸ್ಸು ಎಪ್ಪತ್ತೊಂದು. ಅವನಿಗೆ ಹೆಮ್ಮೆ ಎರಡರ ಮೇಲೆ: ಒಂದು ನೀವಾ, ಇನ್ನೊಂದು ತನ್ನ ಸಾವಿಗೆಂದು ಹೊಲಿಸಿಟ್ಟ ಕರಿ ಸೂಟು. ನಮ್ಮಲ್ಲಿ ವಯಸ್ಸಾದವರೆಲ್ಲ ಕೊನೆಯ ಬಟ್ಟೆ ಪೆಟ್ಟಿಗೆಯಲ್ಲಿ ತೆಗೆದಿಟ್ಟಿರುತ್ತಾರೆ. ಆದರೆ ಪ್ರತಿ ಈಸ್ಟರಿಗೆ ಅದನ್ನು ತೊಟ್ಟು ಕನ್ನಡಿಯ ಮುಂದೆ ಕೈಕಟ್ಟಿ, ಕಣ್ಣು ಮುಚ್ಚಿ ಮಲಗಿ, ಹೇಗೆ ಕಾಣುತ್ತೇನೆ ಎಂದು ಹೆಂಡತಿಯನ್ನು ಕೇಳುವವನು ಇವನೊಬ್ಬನೇ.

ನಾನೂ ಅಗ್ಲಾಯಾಳೂ ಹೋದಾಗ ಅವನು ಕಾರಿಗೆ ಟ್ರೇಲರ್ ಕಟ್ಟುತ್ತಿದ್ದ. ಹೆಂಡತಿ ವಾರ್ವಾರಾ ಹೊಸ್ತಿಲ ಮೇಲೆ ಕೂತು ಚಳಿಗಾಲದ ಉಪ್ಪಿನಕಾಯಿಗೆ ಕ್ಯಾರೆಟ್ ತುರಿಯುತ್ತಿದ್ದಳು.

"ನನಾಶ್, ಒಂದು ಮಾತಿತ್ತು."

"ದ್ರಾಕ್ಷಿ ಕಾಲದಲ್ಲಿ ಮಾತು ಚಿಕ್ಕದಾಗಿರಲಿ ಮಗಳೇ."

"ನೋವು ಬಂದ ದಿನ ನನ್ನನ್ನ ಜಿಲ್ಲಾ ಆಸ್ಪತ್ರೆಗೆ ಬಿಡಬೇಕು."

"ಯಾವತ್ತು?"

"ಅದೇನು ಹೇಳಿ ಬರುತ್ತಾ?"

"ನೋಡು ಮತ್ತೆ. ನನ್ನ ದ್ರಾಕ್ಷಿ ಹೇಳಿ ಬರುತ್ತೆ. ಸೋಮವಾರ ಬಿಳಿದು, ಗುರುವಾರ ಕರಿದು. ನಿಮ್ಮತ್ತೆ ಆಂತೋನನ್ನ ಒಲೆ ಮುಂದೇನೇ ಹೆತ್ತಳು. ಅವನಿಗೇನಾಗಿದೆ? ಕಿವಿ ಒಂಚೂರು ದೊಡ್ಡದು, ಅಷ್ಟೇ."

ಕಾರಣ ಹೇಳಿದ್ದರೆ ಒಪ್ಪುತ್ತಿದ್ದನೇನೋ. ಆದರೆ ಆಂತೋನನ ಹೊರತು ಯಾರಿಗೂ ಹೇಳಬೇಡಿ ಎಂದು ಅವಳು ನನ್ನ ಕೈ ಹಿಡಿದು ಕೇಳಿಕೊಂಡಿದ್ದಳು. ನಮ್ಮ ನೆಲಮಾಳಿಗೆಗಳಲ್ಲಿ ವೈನಿಗೆ ಒಂದೇ ಲೋಟ. ಅದು ಕೈಯಿಂದ ಕೈಗೆ ಸುತ್ತುತ್ತದೆ. ಈ ಸುದ್ದಿ ಹೊರಬಿದ್ದರೆ ಆ ಲೋಟ ಅವಳೊಬ್ಬಳನ್ನು ದಾಟಿ ಮುಂದೆ ಹೋಗುತ್ತದೆ. ಇದು ಲೋಟದಿಂದ ಹರಡುವ ಕಾಯಿಲೆಯಲ್ಲ ಎಂದು ನಾನು ಎಷ್ಟೋ ಸಲ ಹೇಳಿದ್ದೇನೆ. ಜನ ತಲೆಯಾಡಿಸಿ ಕೇಳಿಸಿಕೊಂಡು ಲೋಟ ಒರೆಸಿಕೊಳ್ಳುತ್ತಾರೆ.

ಅವಳು ಎರಡನೇ ಸಲ ಕೇಳಿದಳು. ಅವನು ಇಲ್ಲವೆಂದ. ಮೂರನೇ ಸಲ ಕೇಳಿದಳು. ಅವನು ಟ್ರೇಲರಿನ ಕೊಂಡಿ ಬಡಿದು ಕೂರಿಸುತ್ತ ಇಲ್ಲವೆಂದ.

"ಬಸುರಿ ಮೂರು ಸಲ ಕೇಳಿದಾಳೆ, ಮೂರು ಸಲ ಇಲ್ಲ ಅಂದಿದೀರಿ," ಎಂದೆ ನಾನು. "ಪೆಟ್ಟಿಗೆ ಕಡೆ ಒಂದು ಕಣ್ಣಿಟ್ಟಿರಿ."

ಬಸುರಿ ಕೇಳಿದ್ದನ್ನು ಕೊಡದವನ ಬಟ್ಟೆಯನ್ನು ಇಲಿ ಕಡಿಯುತ್ತದೆ. ಇದು ನಮ್ಮ ಊರಿನಲ್ಲಿ ಪಾದ್ರಿಗೂ ಗೊತ್ತು, ಮೇಷ್ಟ್ರಿಗೂ ಗೊತ್ತು.

"ನನ್ನ ಮನೇಲಿ ಮೂರು ಬೆಕ್ಕಿದಾವೆ ಝೀನಾ," ಎಂದು ನಕ್ಕ.

ವಾರ್ವಾರಾ ತುರಿಯುವುದನ್ನು ನಿಲ್ಲಿಸಿ ಗಂಡನನ್ನು ನೋಡಿದಳು. ಆಮೇಲೆ ಮತ್ತೆ ತುರಿಯತೊಡಗಿದಳು.

ಎರಡು ದಿನ ಕಳೆದು ಅವಳು ನನ್ನಲ್ಲಿಗೆ ಬಂದಳು. ಬಲಗೈಯ ನಾಲ್ಕು ಗೆಣ್ಣೂ ತರಚಿದ್ದವು.

"ಏನು ತುರೀತಿದ್ರಿ ವಾರ್ವಾರಾ ಅಕ್ಕ?"

"ಉಣ್ಣೆ," ಎಂದಳು.

ಅಯೋಡಿನ್ ಹಚ್ಚಿದೆ. ಉರಿಯಿತು, ಅವಳು ಮುಖ ಕಿವಿಚಲಿಲ್ಲ. ಕೈಗೆ ಊದಿಕೊಳ್ಳುತ್ತ, ಹವಾಮಾನದ ಮಾತಾಡುವಂತೆ ಹೇಳಿದಳು: "ನಲವತ್ಮೂರು ವರ್ಷದ ಹಿಂದೆ ನಂಗೂ ದ್ರಾಕ್ಷಿ ಕಾಲದಲ್ಲೇ ನೋವು ಬಂದಿತ್ತು. ರಸ ಪೀಪಾಯಿಗೆ ತುಂಬಿ ಗಾಡಿ ಕಟ್ತೀನಿ ಅಂದ. ಆ ವರ್ಷ ವೈನು ಬಹಳ ಚೆನ್ನಾಗಿ ಬಂತು."

ಆ ಮನೆಯಲ್ಲಿ ಮಕ್ಕಳಿಲ್ಲ. ನಾನು ಅಯೋಡಿನ್ ಸೀಸೆಯ ಮುಚ್ಚಳ ತಿರುಗಿಸುತ್ತ ಕೂತೆ.

ಮರುದಿನ ಬೆಳಿಗ್ಗೆ ತ್ರೋಫಿಮ್ ಕಂಕುಳಲ್ಲಿ ಗಂಟು ಹಿಡಿದು ಬಂದು ಅದನ್ನು ನನ್ನ ಮೇಜಿನ ಮೇಲೆ ಬಿಚ್ಚಿದ. ಕರಿ ಪ್ಯಾಂಟು. ಎಡಗಾಲಿನ ಅಂಚು ಅಂಗೈಯಗಲ ಚಿಂದಿಯಾಗಿತ್ತು.

"ನೀನು ಓದಿದವಳು. ಇದು ಇಲೀನಾ?"

ಕನ್ನಡಕ ಹಾಕಿಕೊಂಡು, ರೋಗಿಯನ್ನು ನೋಡುವಷ್ಟೇ ಹೊತ್ತು ನೋಡಿದೆ. ಇಲಿಯ ಹಲ್ಲು ಇಷ್ಟು ಒತ್ತಾದ ಸಾಲಿನಲ್ಲಿ ಕಡಿಯುವುದನ್ನು ನಾನು ಕಂಡಿಲ್ಲ.

"ಒಂದಲ್ಲ," ಎಂದೆ. "ಸಂಸಾರ ಸಮೇತ ಬಂದಿವೆ."

ಅವನು ಕುರ್ಚಿಯಲ್ಲಿ ಕುಸಿದ. "ಮೊದಲು ಒಂದು ಕಾಲು. ಇನ್ನೊಂದು ಸಲ ಕೇಳಿ ಇಲ್ಲ ಅಂದ್ರೆ ಕೋಟು. ಕೋಟಿಲ್ಲದೆ ಶವಪೆಟ್ಟಿಗೇಲಿ ಹೆಂಗೆ ಮಲಗಲಿ? ನೋಡೋಕೆ ಬರೋರೆಲ್ಲ ನೋಡೋದು ಕೋಟನ್ನೇ."

ಅಂದೇ ಟ್ರೇಲರು ಕಳಚಿತು. ನೀವಾ ಹೆದ್ದಾರಿಯ ಕಡೆ ಮೂತಿ ಮಾಡಿ ಅಗ್ಲಾಯಾಳ ಗೇಟಿನ ಮುಂದೆ ನಿಂತಿತು. ದ್ರಾಕ್ಷಿಯನ್ನು ಅವನು ನೆರೆಯವರ ಕುದುರೆ ಗಾಡಿಯಲ್ಲಿ ಸಾಗಿಸಿದ. ದಿನಾ ಬೆಳಿಗ್ಗೆ ಬೇಲಿಯ ಮೇಲಿಂದ ಕತ್ತು ಚಾಚಿ "ಇವತ್ತಾ?" ಎಂದು ಕೇಳುವನು. ಹುಡುಗಿಗೆ ಮೋಜು ಹತ್ತಿತು.

"ಇವತ್ತಲ್ಲ. ಆದ್ರೆ ನನಾಶ್, ಉಪ್ಪುನೀರಲ್ಲಿಟ್ಟ ಕಲ್ಲಂಗಡಿ ತಿನ್ನಬೇಕು ಅನ್ನಿಸ್ತಿದೆ."

ಕಲ್ಲಂಗಡಿ ಬಂತು. ಮಾರನೇ ದಿನ ಸುಲಿದ ಆಕ್ರೋಟ, ಅದರ ಮಾರನೇ ದಿನ ಬಿಸಿ ಮೆಕ್ಕೆಜೋಳದ ಮುದ್ದೆ, ಕುರಿ ಚೀಸು. ನಾಲ್ಕನೇ ದಿನ ಅವಳು, ಮೀಸೆ ಬೋಳಿಸಿದರೆ ನನಾಶ್ ಹೇಗೆ ಕಾಣುತ್ತಾರೋ ನೋಡಬೇಕು ಎಂದಳು. ಅವನು ಮನೆಗೆ ಹೋಗಿ ಬಹಳ ಹೊತ್ತು ಪೆಟ್ಟಿಗೆಯ ಮೇಲೆ ಕೂತಿದ್ದನಂತೆ. ಸಂಜೆಗೆ ಮೀಸೆ ಇರಲಿಲ್ಲ.

ಹತ್ತೊಂಬತ್ತನೇ ತಾರೀಕು ಬೆಳಿಗ್ಗೆ ಹತ್ತಕ್ಕೆ ಅವಳಿಗೆ ನೋವು ಬಂತು. ಹಿಂದಿನ ದಿನದಿಂದ ಮಳೆ ಹಿಡಿದಿತ್ತು. ಹಿಂದಿನ ಸೀಟಿನಲ್ಲಿ ನಾನು, ಅವಳು. ಮುಂದೆ ತ್ರೋಫಿಮ್, ಆಂತೋನ್. ಐದನೇ ಕಿಲೋಮೀಟರಿನ ಏರಿನಲ್ಲಿ ನೀವಾ ನಿಂತಲ್ಲೇ ಚಕ್ರ ತಿರುಗಿಸತೊಡಗಿತು. ಆಂತೋನ್ ಇಳಿದು ತಳ್ಳಿದ. ಕಾರು ಏರಲಿಲ್ಲ, ಅವನ ಮುಖ ಮಾತ್ರ ಮಣ್ಣಾಯಿತು.

"ವಾಪಸ್ ಹೋಗೋಣ, ಮನೇಲೇ ಆಗಲಿ," ಎಂದ ತ್ರೋಫಿಮ್. "ಹೆಂಗಸರು ಸಾವಿರ ವರ್ಷದಿಂದ ಹೆರ್ತಿದಾರೆ."

ಅಗ್ಲಾಯಾ ಮುಂದಿನ ಸೀಟಿನ ಬೆನ್ನು ಹಿಡಿದುಕೊಂಡು ಎದ್ದು ಕೂತಳು. "ನನಾಶ್, ನನ್ನ ರಕ್ತದಲ್ಲಿ ಒಂದು ಕಾಯಿಲೆ ಇದೆ. ನಮ್ಮಮ್ಮ ನನ್ನ ಹೆರುವಾಗ ಗೊತ್ತಿಲ್ಲದೆ ಕೊಟ್ಟಿದ್ದು. ಮಗೂಗೆ ಹಾಕೋ ಸೂಜಿ ಅಲ್ಲಿದೆ. ಇವತ್ತು ಮುಟ್ಟಲಿಲ್ಲ ಅಂದ್ರೆ ಇದಕ್ಕೂ ನಾನೇ ಕೊಟ್ಟಂಗಾಗುತ್ತೆ. ಇನ್ನು ಲೋಟ ಒರೆಸಿಕೊಳ್ಳಿ, ಏನಾದ್ರೂ ಮಾಡ್ಕೊಳ್ಳಿ."

ಅವನು ಕನ್ನಡಿಯಲ್ಲಿ ಅವಳನ್ನೇ ನೋಡಿದ. ಮೀಸೆಯಿಲ್ಲದ ಮುಖಕ್ಕೆ ಏನು ಮಾಡಬೇಕೋ ತಿಳಿಯಲಿಲ್ಲ. ಇಳಿದು ಹೋಗಿ ಡಿಕ್ಕಿ ತೆರೆದ. ಮನೆಯಲ್ಲಿ ಬಿಟ್ಟರೆ ಇಲಿಯ ಭಯವೆಂದು ಕೋಟನ್ನು ಬಟ್ಟೆಯಲ್ಲಿ ಸುತ್ತಿ ಅಲ್ಲೇ ಇಟ್ಟಿದ್ದ. ಅದನ್ನು ತೆಗೆದು, ಒಮ್ಮೆ ಕೊಡವಿ, ಕಾಲರು ಸರಿಮಾಡಿ, ಎಡ ಚಕ್ರದ ಕೆಳಗೆ ಹಾಸಿದ. ಬಲ ಚಕ್ರಕ್ಕೆ ಆಂತೋನನ ಜಾಕೆಟು. ಕಾರು ಒದ್ದಾಡಿ ಹತ್ತಿತು. ಅವನು ಹಿಂದಿರುಗಿ ನೋಡಲಿಲ್ಲ.

ಸಂಜೆ ನಾಲ್ಕೂ ಹತ್ತಕ್ಕೆ ಹೆಣ್ಣುಮಗು ಹುಟ್ಟಿತು. ಐದಕ್ಕೆ ಎರಡೂ ತೊಡೆಗೆ ಸೂಜಿ ಬಿತ್ತು. ಹೆಸರಿನ ಚೀಟಿಯಿದ್ದ ಖಾಲಿ ಸೀಸೆಯನ್ನು ನಾನು ಕೇಳಿ ಜೇಬಿಗೆ ಹಾಕಿಕೊಂಡೆ. ಮಗು ಅತ್ತದ್ದು ಕಾರಿಡಾರಿಗೆ ಕೇಳಿತು. "ಕಿವಿ ಹೆಂಗಿದೆ?" ಎಂದ ತ್ರೋಫಿಮ್. "ಅಪ್ಪನದೇ," ಎಂದೆ.

ಮಿಕ್ಕ ಲಸಿಕೆಗಳನ್ನು ಊರಿನಲ್ಲಿ ನಾನೇ ಹಾಕಿದೆ. ಹತ್ತು ತಿಂಗಳು ತುಂಬಿದ ಮೇಲೆ ಮಗುವಿನ ರಕ್ತ ತೆಗೆದು ಕಳಿಸಿದೆವು. ಆ ಒಂದು ವಾರ ಅಗ್ಲಾಯಾ ಯಾರನ್ನೂ ಕೆಣಕಲಿಲ್ಲ. ಕಾಗದ ಬಂತು: ವೈರಸ್ಸು ಇಲ್ಲ, ಕಾವಲು ಕಟ್ಟಿದೆ. ಅವಳು ಅದನ್ನು ಎರಡು ಸಲ ಓದಿಸಿ ಕೇಳಿದಳು. "ನನ್ನಲ್ಲೇ ನಿಂತಿತು ಹಂಗಾದ್ರೆ," ಎಂದಳು.

ಮುಂದಿನ ದ್ರಾಕ್ಷಿ ಕಾಲದಲ್ಲಿ ತ್ರೋಫಿಮನ ನೆಲಮಾಳಿಗೆಯಲ್ಲಿ ಹೊಸ ರಸದ ರುಚಿ ನೋಡಲು ಕೂತಿದ್ದೆವು. ಲೋಟವನ್ನು ಮೊದಲು ಅಗ್ಲಾಯಾಳಿಗೆ ಕೊಟ್ಟ. ಅವಳು ತುಟಿಗೆ ಮುಟ್ಟಿಸಿ ಹಿಂದಿರುಗಿಸಿದಳು. ಅವನು ಒರೆಸದೆ ಕುಡಿದು ನನ್ನ ಕಡೆ ಬಾಗಿದ.

"ಪ್ಯಾಂಟಿನ ಮಡಿಕೇಲಿ ಕ್ಯಾರೆಟ್ ತುರಿ ಸಿಕ್ಕಿತ್ತು ಝೀನಾ. ನಿನ್ನ ಹತ್ತಿರ ತರೋಕೆ ಮುಂಚೇನೇ."

"ಗೊತ್ತಿದ್ದೂ ಮೀಸೆ ಬೋಳಿಸಿದ್ರಾ?"

ಅವನು ಮೂಲೆಯಲ್ಲಿ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದ ವಾರ್ವಾರಾಳನ್ನು ನೋಡಿದ. "ಅವಳು ಏನಾದರೂ ಕೇಳಿ ನಲವತ್ಮೂರು ವರ್ಷ ಆಗಿತ್ತು," ಎಂದ. ಆಮೇಲೆ ದನಿ ಏರಿಸಿದ. "ಅಗ್ಲಾಯಾ, ನನಗೊಂದು ಸೂಟು ಬರಬೇಕು. ಸಾಯೋ ಹಾಗೂ ಇಲ್ಲ, ಬಟ್ಟೆ ಇಲ್ಲ."

"ಮಗಳು ದೊಡ್ಡವಳಾಗಿ, ಓದಿ, ಮೊದಲನೇ ಸಂಬಳದಲ್ಲಿ ಹೊಲಿಸಿಕೊಡ್ತಾಳೆ."

"ಅದಕ್ಕೆ ಇಪ್ಪತ್ತು ವರ್ಷ ಬೇಕಲ್ಲೇ."

"ಬೇಕು. ಕಾಯಿರಿ ನನಾಶ್."

ಅವನು ಬೆರಳು ಮಡಿಚಿ ಲೆಕ್ಕ ಹಾಕಿದ. ತೊಂಬತ್ತೆರಡು ಆಗುತ್ತಿತ್ತು. ಕರಿ ಬಣ್ಣವೇ ಆಗಬೇಕು, ಒಳಗೆ ರೇಷ್ಮೆಯ ಅಸ್ತರಿ ಇರಬೇಕು ಎಂದು ಮಗುವಿನ ದೊಡ್ಡ ಕಿವಿಯಲ್ಲಿ ಹೇಳಿ ಬಂದ.