ನೀರಕ್ಕ ತುಂಬಿಸಿಕೊಟ್ಟ ಸೀಸೆ

ಇಟ್ಟಿಗೆ ಗೂಡಿನಲ್ಲಿ ಅವಳನ್ನು ಎಲ್ಲರೂ ನೀರಕ್ಕ ಎನ್ನುತ್ತಿದ್ದರು. ಅವಳಿಗಿಂತ ಹತ್ತು ವರ್ಷ ದೊಡ್ಡವರಿಗೂ ಅವಳು ಅಕ್ಕನೇ. ಎರಡು ಕೊಡ, ಒಂದು ತಂಬಿಗೆ, ಹದಿನೈದು ಜನರ ಬಾಯಾರಿಕೆ, ಇಷ್ಟು ಅವಳ ಕೆಲಸ. ಇದೂ ಒಂದು ಕೆಲಸವೇ ಎಂದು ಮೂಗು ಮುರಿಯುವವರು ಮುರಿಯಲಿ. ಆ ಗೂಡಿನ ಪಕ್ಕ ಅರ್ಧ ದಿನ ನಿಂತರೆ ಮುರಿಯುವುದಕ್ಕೆ ಮೂಗೇ ಉಳಿದಿರುವುದಿಲ್ಲ.

ಬೆಂದ ಇಟ್ಟಿಗೆಯನ್ನು ಹೊರತೆಗೆಯುವುದಕ್ಕೆ ಅಲ್ಲಿ ಒಂದು ಪದ್ಧತಿ ಇತ್ತು. ಗೂಡಿನ ಬಾಯಿ ಒಡೆದ ಮೇಲೆ ಹದಿನೈದು ಜನ ಒಳಗಿನಿಂದ ಅಂಗಳದವರೆಗೆ ಸಾಲಾಗಿ ನಿಲ್ಲುತ್ತಾರೆ. ಎಲ್ಲರಿಗಿಂತ ಒಳಗೆ, ಇನ್ನೂ ಕಾವು ಆರದ ಗೋಡೆಗಳ ನಡುವೆ ನಿಂತವನಿಗೆ ಒಳಗಿನವನು ಎಂದೇ ಹೆಸರು. ಅವನು ಎತ್ತಿಕೊಟ್ಟ ಇಟ್ಟಿಗೆ ಕೈಯಿಂದ ಕೈಗೆ ಹಾರಿ ಹೊರಗೆ ಬರುತ್ತದೆ. ಒಬ್ಬ ನಿಂತರೆ ಎಲ್ಲರೂ ನಿಲ್ಲಬೇಕು, ಆದ್ದರಿಂದ ಯಾರೂ ನಿಲ್ಲುವುದಿಲ್ಲ. ಗೂಡಿನ ಒಳಗಿನ ಕೋಣೆ ಖಾಲಿಯಾಗುವ ತನಕ, ಮೂರು ಗಂಟೆಯಾಗಲಿ ನಾಲ್ಕಾಗಲಿ, ಯಾರ ಗಂಟಲಿಗೂ ಒಂದು ಹನಿ ಇಳಿಯುವುದಿಲ್ಲ. ನೀರಕ್ಕ ತುಂಬಿದ ಕೊಡ ಇಟ್ಟುಕೊಂಡು ಹೊರಗೆ ಕಾಯುತ್ತಿರುತ್ತಾಳೆ. ಈ ಜಾಣತನವನ್ನು ಯಾವ ಪುಣ್ಯಾತ್ಮ ಕಂಡುಹಿಡಿದನೋ ಗೊತ್ತಿಲ್ಲ. ಸಿಕ್ಕಿದ್ದರೆ ಅವನನ್ನೇ ಒಂದು ಮಧ್ಯಾಹ್ನ ಒಳಗೆ ನಿಲ್ಲಿಸಬಹುದಿತ್ತು.

ಅವಳ ಗಂಡ ಇದೇ ಸಾಲಿನಲ್ಲಿ ಎಂಟು ವರ್ಷ ನಿಂತಿದ್ದ. ಒಂದು ಬೇಸಿಗೆಯಲ್ಲಿ ಅವನ ಚಪ್ಪಲಿ ಬಿಗಿಯಾಗತೊಡಗಿತು. ಆಮೇಲೆ ಕಾಲು ಊದಿತು, ಮುಖ ಊದಿತು. ಎರಡೂ ಕಿಡ್ನಿ ಹೋಗಿವೆ ಎಂದರು ಆಸ್ಪತ್ರೆಯಲ್ಲಿ. ಹುಷಾರಿಲ್ಲ ಎಂದು ಹಿಂದಿನ ಮೇಸ್ತ್ರಿಗೆ ಹೇಳಿದ ದಿನವೇ ಅವನ ಕೆಲಸ ಹೋಯಿತು. ಕೆಲಸ ಹೋದ ಮೇಲೆ ಔಷಧಿ ಎಲ್ಲಿಂದ ಬರಬೇಕು? ಆರು ತಿಂಗಳಿಗೆ ಅವನೂ ಹೋದ. ಅಂದಿನಿಂದ ನೀರಕ್ಕನ ತಲೆಯಲ್ಲಿ ಒಂದು ಮಾತು ಗಟ್ಟಿಯಾಗಿ ಕೂತಿತು. ಗಂಡನನ್ನು ಕೊಂದದ್ದು ರೋಗವಲ್ಲ, ರೋಗ ಇದೆ ಎಂದು ಬಾಯಿಬಿಟ್ಟದ್ದು.

ಈಗ ಅದೇ ಸಾಲಿನಲ್ಲಿ ಅವಳ ತಮ್ಮ ನಿಲ್ಲುತ್ತಿದ್ದ. ತಾಯಿಯಿಲ್ಲದ ಅವನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು ಅವಳೇ. ಇಪ್ಪತ್ತಾರು ವರ್ಷ, ಕಂಬದಂಥ ಆಳು. ಶುರು ಮಾಡಿದರೆ ನಿಲ್ಲುವವನಲ್ಲ ಎಂದು ಜೊತೆಯವರು ಅವನಿಗೆ ಇಂಜಿನ್ ಎಂದು ಹೆಸರಿಟ್ಟಿದ್ದರು. ಅವನಿಗೆ ಅದು ಬಿರುದು ಕೊಟ್ಟಷ್ಟು ಹೆಮ್ಮೆ. ಸೊಂಟ ಹಿಡಿದುಕೊಂಡರೆ ಅಂಗಡಿಯಿಂದ ನೋವಿನ ಮಾತ್ರೆ ತಂದು ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು ನುಂಗುತ್ತಿದ್ದ, ಅದೂ ನೀರಿಲ್ಲದೆ.

ಬೇಸಿಗೆ ಏರುತ್ತಿದ್ದಾಗ ಒಬ್ಬ ನರ್ಸಮ್ಮ ಗೂಡಿಗೆ ಬಂದರು. ಬಿಸಿಲಲ್ಲಿ ದುಡಿಯುವವರ ಕಿಡ್ನಿ ಸದ್ದಿಲ್ಲದೆ ಹಾಳಾಗುತ್ತದೆ, ನೋವು ಕೂಡ ಇರುವುದಿಲ್ಲ, ಗೊತ್ತಾಗುವ ಹೊತ್ತಿಗೆ ತಡವಾಗಿರುತ್ತದೆ ಎಂದರು. ಅರ್ಧ ಗಂಟೆಗೊಮ್ಮೆ ನೀರು ಕುಡಿಯಿರಿ, ನೆರಳಿಗೆ ಬನ್ನಿ, ಆ ನೋವಿನ ಮಾತ್ರೆ ಬಿಡಿ ಎಂದರು. ಹೆಸರು ಬರೆದ ಚೀಟಿ ಅಂಟಿಸಿದ ಹದಿನೈದು ಪುಟ್ಟ ಸೀಸೆ ಹಂಚಿ, ನಾಳೆ ಬೆಳಿಗ್ಗೆ ಮೂತ್ರ ಹಿಡಿದು ತನ್ನಿ ಎಂದರು.

"ಕೆಟ್ಟಿದ್ರೆ ಏನ್ ಮಾಡ್ತೀರ?" ಸಾಲಿನಿಂದ ಯಾರೋ ಕೇಳಿದರು.

"ನೆರಳಿನ ಕೆಲಸ ಕೊಡಿಸ್ತೀವಿ. ಕೂಲಿ ಅಷ್ಟೇ ಇರುತ್ತೆ, ಮಾಲೀಕರು ಒಪ್ಪಿದ್ದಾರೆ."

ಯಾರೂ ನಂಬಲಿಲ್ಲ. ಮೂರು ವರ್ಷದ ಹಿಂದೆ ಕಣ್ಣು ಪರೀಕ್ಷೆಗೆಂದು ಬಂದವರೂ ಹೀಗೇ ಸಿಹಿಯಾಗಿ ಮಾತಾಡಿದ್ದರು. ಅಕ್ಷರ ಕಾಣದ ಇಬ್ಬರು ವಾರ ಕಳೆಯುವುದರೊಳಗೆ ಮನೆ ಸೇರಿದ್ದರು.

ಮಾರನೆಯ ಬೆಳಿಗ್ಗೆ ತಮ್ಮ ಬಚ್ಚಲಿನಿಂದ ಸೀಸೆ ಹಿಡಿದುಕೊಂಡು ಬಂದ. ತಳದಲ್ಲಿ ಒಂದು ಬೆರಳಷ್ಟು ಇತ್ತು. ಹಾಲು ಹಾಕದ ಚಹಾದ ಬಣ್ಣ, ಮೇಲೆ ನೊರೆ. ನೀರಕ್ಕ ಬಗ್ಗಿ ನೋಡಿದಳು.

"ನಿನ್ನೆ ನೀರು ಕುಡಿದಿಲ್ಲ, ಅದಕ್ಕೇ," ಎಂದ ಅವನು. ಹಾಗೆನ್ನುತ್ತಲೇ ಅದನ್ನು ಚೆಲ್ಲಿ, ಸೀಸೆ ತೊಳೆದು, ಅವಳ ಕಡೆ ಚಾಚಿದ. "ಅಕ್ಕಾ, ನೀನೇ ತುಂಬಿಸಿಕೊಡು."

"ಥೂ, ನಾಚಿಕೆ ಇಲ್ವೇನೋ?"

"ನೀನು ದಿನವೆಲ್ಲ ಕೊಡದ ಪಕ್ಕದಲ್ಲೇ ಕೂತಿರ್ತೀಯ. ನಿನ್ನದು ಚೆನ್ನಾಗೇ ಇರುತ್ತೆ. ಈ ಬೇಸಿಗೆ ಒಂದು ಕಳೀಲಿ, ನಾನೇ ಹೋಗಿ ಡಾಕ್ಟರಿಗೆ ತೋರಿಸ್ಕೋತೀನಿ. ಭಾವಂಗೆ ಆಗಿದ್ದು ಮರೆತುಬಿಟ್ಯಾ?"

ಆ ಕೊನೆಯ ಮಾತು ಬೇರೆ ಯಾರ ಬಾಯಿಂದ ಬಂದಿದ್ದರೂ ಅವಳು ಎರಡು ಬಿಡುತ್ತಿದ್ದಳು. ತಮ್ಮನಾದ್ದರಿಂದ ಸುಮ್ಮನೆ ಸೀಸೆ ತೆಗೆದುಕೊಂಡು ಬಚ್ಚಲಿಗೆ ಹೋದಳು. ಪ್ರೀತಿಯಿಂದಲೇ ಹೋದಳು, ಅದನ್ನು ಅಲ್ಲಗಳೆಯುವಂತಿಲ್ಲ. ತಮ್ಮನನ್ನು ಬೆಂಕಿಯಿಂದ ಎಳೆದುಕೊಳ್ಳುತ್ತಿದ್ದೇನೆ ಎಂದೇ ಅವಳು ತಿಳಿದಿದ್ದಳು.

ವಾರದ ಮೇಲೆ ಪಟ್ಟಿ ಬಂತು. ಮೇಸ್ತ್ರಿ ಅದನ್ನು ಕಚೇರಿಯ ಗೋಡೆಗೆ ಅಂಟಿಸಿದ. ನಾಲ್ಕು ಹೆಸರಿನ ಮುಂದೆ ಕೆಂಪು ಗೆರೆ, ಹನ್ನೊಂದರ ಮುಂದೆ ಹಸಿರು. ಕೆಂಪಿನವರು ಗಂಟುಮೂಟೆ ಕಟ್ಟುವುದನ್ನೇ ಎಲ್ಲರೂ ಕಾಯುತ್ತಿದ್ದರು. ಆದರೆ ನರ್ಸಮ್ಮ ಹೇಳಿದಂತೆಯೇ ನಡೆಯಿತು. ಆ ನಾಲ್ವರಿಗೂ ಚಪ್ಪರದ ಕೆಳಗೆ ಹಸಿ ಇಟ್ಟಿಗೆ ಜೋಡಿಸುವ ಕೆಲಸ ಸಿಕ್ಕಿತು. ಕೂಲಿಯಲ್ಲಿ ಒಂದು ಪೈಸೆ ಕಡಿಮೆಯಾಗಲಿಲ್ಲ. ನೀರಕ್ಕ ಅರ್ಧ ಗಂಟೆಗೊಮ್ಮೆ ಅವರಿಗೆ ತಂಬಿಗೆ ತುಂಬಿಸಿ ಕೊಟ್ಟಳು.

ಕೆಂಪಿನವರಲ್ಲಿ ಹಳೆಯ ಒಳಗಿನವನೂ ಒಬ್ಬ. ಅವನ ಜಾಗಕ್ಕೆ ಯಾರು? ಮೇಸ್ತ್ರಿ ಪಟ್ಟಿಯ ಮೇಲೆ ಬೆರಳಾಡಿಸಿದ.

"ಇಂಜಿನ್, ಇಡೀ ಗೂಡಿನಲ್ಲಿ ನಿನ್ನಷ್ಟು ಚೊಕ್ಕ ಬಂದಿದ್ದು ಇನ್ನೊಂದಿಲ್ಲವಂತೆ. ನರ್ಸಮ್ಮನೇ ಅಂದ್ರು. ನಾಳೆಯಿಂದ ನೀನೇ ಒಳಗಿನವನು."

ಎಲ್ಲರೂ ಅವನ ಬೆನ್ನು ತಟ್ಟಿದರು. ತಮ್ಮ ನಗುತ್ತ ಅಕ್ಕನ ಕಡೆ ಕಣ್ಣು ಮಿಟುಕಿಸಿದ.

ಸಾಲಿನವರಿಗೂ ಅರ್ಧ ಗಂಟೆಗೊಮ್ಮೆ ನೀರು ಎಂದು ನರ್ಸಮ್ಮ ಬರೆದುಕೊಟ್ಟಿದ್ದರು. ಹದಿನೈದು ಜನರ ಕೆಲಸ ಹನ್ನೊಂದು ಜನರ ಮೇಲೆ ಬಿದ್ದಾಗ ಮೇಸ್ತ್ರಿ ಅದನ್ನು ಗಾಳಿಗೆ ತೂರಿದ. ನೀರಕ್ಕ ಬಾಯಿಮಾತಲ್ಲಿ ಹೇಳಿ ನೋಡಿದಳು. "ಹಸಿರು ಗೆರೆ ಇದೆಯಲ್ಲಕ್ಕ, ಅವರಿಗೇನಾಗುತ್ತೆ?" ಎಂದ ಅವನು.

ಮನೆಯಲ್ಲಿ ತಮ್ಮನ ಬೆನ್ನು ಹತ್ತಿದಳು. ನಿಜ ಹೇಳಿಬಿಡು, ಯಾರನ್ನೂ ಕಳಿಸಲಿಲ್ಲವಲ್ಲ ಎಂದಳು.

"ಈಗ ಹೇಳಿದ್ರೆ ಮೋಸ ಮಾಡಿದ ಅಂತ ಕಳಿಸ್ತಾರೆ. ನಿನ್ನನ್ನೂ ಕಳಿಸ್ತಾರೆ. ಅಲ್ಲದೆ ಅಕ್ಕನ ಉಚ್ಚೆ ತಂದುಕೊಟ್ಟೋನು ಅಂತ ಸಾಯೋ ತನಕ ಆಡ್ಕೊಂಡು ನಗ್ತಾರೆ. ಸುಮ್ನಿರು."

ಅವಳು ಸುಮ್ಮನಾದಳು. ಇಲ್ಲಿ ಅವಳ ಮೇಲೆ ಕೋಪ ಬರುತ್ತದೆ, ಬರಲೇಬೇಕು. ಒಂದು ದಿನ ಸುಮ್ಮನಿದ್ದಳು, ಹತ್ತು ದಿನ ಸುಮ್ಮನಿದ್ದಳು. ತಮ್ಮ ಊಟ ಅರ್ಧಕ್ಕೇ ಬಿಡತೊಡಗಿದ. ಬಾಯೆಲ್ಲ ಕಬ್ಬಿಣ ನೆಕ್ಕಿದ ಹಾಗಿದೆ ಎಂದ. ಬೆಳಿಗ್ಗೆ ಎದ್ದರೆ ರೆಪ್ಪೆ ದಪ್ಪಗಾಗಿರುತ್ತಿತ್ತು, ನಿದ್ದೆ ಸಾಲದು ಎಂದ. ಪ್ರತಿಯೊಂದಕ್ಕೂ ಅವನ ಹತ್ತಿರ ಒಂದು ನೆಪ ಇತ್ತು. ಆ ನೆಪವನ್ನು ನಂಬುವುದಕ್ಕೆ ಅಕ್ಕನೂ ತುದಿಗಾಲಲ್ಲಿ ನಿಂತಿದ್ದಳು.

ಒಳಗಿನವನಾದ ಇಪ್ಪತ್ತಮೂರನೆಯ ದಿನ ಸಂಜೆ ಅವನು ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು ಬರಿಗಾಲಲ್ಲಿ ಮನೆಗೆ ಬಂದ. ಬಾರು ಕಿತ್ತಿದೆ ಎಂದು ಅದನ್ನು ಬಾಗಿಲಲ್ಲಿ ಎಸೆದು ಮಲಗಿದ. ಹೊಲಿಯೋಣವೆಂದು ನೀರಕ್ಕ ಚಪ್ಪಲಿ ಎತ್ತಿಕೊಂಡಳು. ಒಂದನ್ನು ತಿರುಗಿಸಿ ನೋಡಿದಳು, ಇನ್ನೊಂದನ್ನು ತಿರುಗಿಸಿ ನೋಡಿದಳು. ಎರಡರ ಬಾರೂ ಗಟ್ಟಿಯಾಗಿಯೇ ಇದ್ದವು.

ಮರುದಿನ ಮಧ್ಯಾಹ್ನ ಕೋಣೆ ಇನ್ನೂ ಅರ್ಧ ಖಾಲಿಯಾಗಿರಲಿಲ್ಲ. ಒಳಗಿನಿಂದ ಬರುವ ಇಟ್ಟಿಗೆಗಳ ನಡುವಿನ ಅಂತರ ಹೆಚ್ಚುತ್ತಿತ್ತು. ಹೊರಗಿನವರು ಕೈ ಚಾಚಿಕೊಂಡು ಕಾಯುತ್ತಿದ್ದರು. ನೀರಕ್ಕ ಕೊಡ ಕೆಳಗಿಟ್ಟು ಎದ್ದಳು. ಇಬ್ಬರ ನಡುವೆ ನುಗ್ಗಿ ಸಾಲಿಗೆ ಅಡ್ಡ ನಿಂತಳು. ಆ ಗೂಡಿನಲ್ಲಿ ಹಾಗೆ ಯಾರೂ ನಿಂತದ್ದಿಲ್ಲ. ಒಬ್ಬನ ಕೈಯಿಂದ ಇಟ್ಟಿಗೆ ಜಾರಿ ಒಡೆಯಿತು.

"ಏನಕ್ಕ ಇದು?" ಮೇಸ್ತ್ರಿ ಓಡಿ ಬಂದ.

"ಆ ಸೀಸೆಯಲ್ಲಿ ಇದ್ದಿದ್ದು ನನ್ನದು," ಎಂದಳು. "ನನ್ನ ತಮ್ಮಂದಲ್ಲ. ಆ ಹಸಿರು ಗೆರೆ ನಂದು."

ಹತ್ತು ಗಂಡಸರು ಅವಳ ಮುಖ ನೋಡಿದರು. ಆಮೇಲೆ ಒಬ್ಬ ಕಿಸಕ್ಕೆಂದ, ಅವನ ಹಿಂದೆ ಉಳಿದವರೂ ನಕ್ಕರು. ತಮ್ಮ ಕತ್ತಲೆಯಿಂದ ಹೊರಗೆ ಬಂದ. ಕಾವಿಗೆ ಕಾಲು ಸುಡಬಾರದೆಂದು ಮೊಣಕಾಲ ತನಕ ಗೋಣಿ ಸುತ್ತಿಕೊಂಡಿದ್ದ.

"ಅಕ್ಕಂಗೆ ಬಿಸಿಲು ಹೊಡೆದಿದೆ ಮೇಸ್ತ್ರಿ, ನೆರಳಲ್ಲಿ ಕೂರಿಸಿ," ಎಂದ.

ಮೇಸ್ತ್ರಿ ಗೋಡೆಯ ಕಡೆ ಕೈ ಮಾಡಿದ. "ಕಾಗದ ಸುಳ್ಳು ಹೇಳುತ್ತಾ ಅಕ್ಕ? ಪಕ್ಕಕ್ಕೆ ಸರಿ, ಕೆಲಸ ನಿಂತಿದೆ."

ನೀರಕ್ಕ ಸೆರಗಿನಿಂದ ಒಂದು ಜೊತೆ ಚಪ್ಪಲಿ ತೆಗೆದು ತಮ್ಮನ ಮುಂದೆ ಇಟ್ಟಳು.

"ಗೋಣಿ ಬಿಚ್ಚು. ಇದನ್ನ ಹಾಕ್ಕೊಂಡು ಹತ್ತು ಹೆಜ್ಜೆ ನಡಿ. ನಡೆದ್ರೆ ನಾನು ಸುಳ್ಳಿ ಅಂತ ಎಲ್ಲರ ಮುಂದೆ ಒಪ್ಕೋತೀನಿ."

ಅವನು ನಗುವುದಕ್ಕೆ ನೋಡಿದ. ಯಾರೂ ಜೊತೆಗೂಡಲಿಲ್ಲ. ಗೋಣಿ ಬಿಚ್ಚಿದಾಗ ಸುತ್ತಿದ್ದ ಹಗ್ಗದ ಗುರುತು ಮೀನಖಂಡದಲ್ಲಿ ಗುಳಿ ಬಿದ್ದು ಹಾಗೆಯೇ ಉಳಿಯಿತು. ಚಪ್ಪಲಿಯೊಳಗೆ ಅರ್ಧ ಪಾದ ಹೋಯಿತು. ಅವನು ಬಗ್ಗಿ ಎರಡು ಕೈಯಿಂದ ಎಳೆದ, ಇನ್ನೊಂದು ಸಲ ಎಳೆದ, ಆಮೇಲೆ ಇಟ್ಟಿಗೆಯ ರಾಶಿ ಹಿಡಿದು ಅಲ್ಲೇ ಕುಸಿದು ಕೂತ. ಮೇಸ್ತ್ರಿ ಜೇಬಿನಿಂದ ಫೋನು ತೆಗೆದು ನರ್ಸಮ್ಮನ ನಂಬರು ಒತ್ತಿದ.

ನರ್ಸಮ್ಮ ಆಸ್ಪತ್ರೆಯವರೆಗೂ ಜೊತೆಗೆ ಬಂದರು. ದಾರಿಯಲ್ಲಿ ಒಂದೇ ಒಂದು ಮಾತು ಕೇಳಿದರು. "ಆ ಬೆಳಿಗ್ಗೆ ಇವನ ಸೀಸೆಯಲ್ಲಿ ಏನಿತ್ತು ಅಂತ ನೀವು ನೋಡಿದ್ರಾ ಅಮ್ಮ?" ನೋಡಿದ್ದೆ ಎಂದಳು ನೀರಕ್ಕ. ಆ ದಿನವೇ ಗೊತ್ತಾಗಿದ್ದರೆ ಕಿಡ್ನಿ ಉಳಿಸಿಕೊಳ್ಳಬಹುದಿತ್ತೇನೋ ಎಂದು ನರ್ಸಮ್ಮ ಬಾಯಿಬಿಟ್ಟು ಹೇಳಲಿಲ್ಲ.

ಹತ್ತು ದಿನದ ಮೇಲೆ ಗೂಡಿನಲ್ಲಿ ಸಾಲು ಅರ್ಧ ಗಂಟೆಗೊಮ್ಮೆ ನಿಲ್ಲುತ್ತಿದೆ ಎಂದು ಮೇಸ್ತ್ರಿ ಆಸ್ಪತ್ರೆಗೆ ಬಂದು ಹೇಳಿ ಹೋದ. ನೀರು ಹಂಚುವುದಕ್ಕೆ ಬೇರೆ ಯಾರನ್ನೋ ಇಟ್ಟಿದ್ದರು. ತಮ್ಮನನ್ನು ವಾರಕ್ಕೆ ಮೂರು ದಿನ ಮಿಷಿನ್ನಿಗೆ ಹಾಕಿ ರಕ್ತ ತೊಳೆಯುತ್ತಿದ್ದರು. ಇನ್ನು ಯಾವಾಗಲೂ ಹೀಗೆಯೇ ಎಂದು ಡಾಕ್ಟರು ಹೇಳಿಯಾಗಿತ್ತು. ಇನ್ನೂ ಒಂದು ಮಾತು ಹೇಳಿದ್ದರು, ಅದನ್ನು ನೀರಕ್ಕ ಗಂಡನ ಕಾಲದಲ್ಲೇ ಕೇಳಿದ್ದಳು. ಕುಡಿದ ನೀರು ಇನ್ನು ಹೊರಗೆ ಹೋಗುವುದಿಲ್ಲ, ಎದೆಗೆ ತುಂಬಿಕೊಳ್ಳುತ್ತದೆ. ದಿನಕ್ಕೆ ಎರಡು ಲೋಟ, ಅಷ್ಟೇ.

ಮಧ್ಯಾಹ್ನದ ಸೆಕೆಗೆ ವಾರ್ಡಿನ ಫ್ಯಾನು ಬಿಸಿಗಾಳಿಯನ್ನೇ ತಿರುಗಿಸುತ್ತಿತ್ತು. ತಮ್ಮ ಒಣಗಿದ ತುಟಿ ಸವರಿಕೊಂಡ.

"ಅಕ್ಕಾ, ನೀರು."

ತುಂಬಿದ ತಂಬಿಗೆ ಅವಳ ಮಡಿಲಲ್ಲೇ ಇತ್ತು. ಬೆಳಗಿನಿಂದ ಒಂದೂಮುಕ್ಕಾಲು ಲೋಟ ಆಗಿತ್ತು, ರಾತ್ರಿಗೆ ಕಾಲು ಲೋಟ ಉಳಿಯಬೇಕಿತ್ತು.

"ಇವತ್ತಿಗೆ ಇಷ್ಟೇ ಕಣೋ," ಎಂದು ಅವಳು ಸೆರಗಿನ ತುದಿಯನ್ನು ಒದ್ದೆ ಮಾಡಿ ಅವನ ತುಟಿಗೆ ಒತ್ತಿದಳು. ಅವನು ಚಿಕ್ಕ ಮಗುವಿನ ಹಾಗೆ ಬಟ್ಟೆಯನ್ನೇ ಚೀಪತೊಡಗಿದ. ಅವಳು ಅದನ್ನೂ ಮೆಲ್ಲನೆ ಬಿಡಿಸಿಕೊಂಡು, ತಂಬಿಗೆಯನ್ನು ಮಂಚದ ಕೆಳಗೆ ಅವನ ಕಣ್ಣಿಗೆ ಬೀಳದ ಹಾಗೆ ಸರಿಸಿಟ್ಟಳು.