ಕಾಪುವಿಗೆ ಹೋಗದ ಗುಡ್ಡೆಯ ಮಣ್ಣು

ಕಾರ್ಕಳದ ಹತ್ತಿರದ ಒಂದು ಹಳ್ಳಿಯಲ್ಲಿ ರೋಸಿಬಾಯಿಯ ಮನೆ. ಮನೆಯ ಮೇಲಿನ ಗುಡ್ಡೆಯಲ್ಲಿ ಅವರದೇ ಒಂದು ಹುಲ್ಲುಗಾವಲು. ಕಡಲ ಬದಿಯ ಕಾಪುವಿನಲ್ಲಿ ರೋಸಿಬಾಯಿಯ ತಮ್ಮ ಕಾರ್ಲ್ಟನ್ ರಜೆಯಲ್ಲಿ ಬಂದು ಮನೆ ಕಟ್ಟಿಸುತ್ತಿದ್ದ. ತಗ್ಗಿನ ಜಾಗ, ತುಂಬಿಸಲು ಮಣ್ಣು ಬೇಕಿತ್ತು. "ಗುಡ್ಡೆಯದ್ದು ತೆಗೆದುಕೊಂಡು ಹೋಗು" ಎಂದು ರೋಸಿಬಾಯಿಯ ಗಂಡ ಬ್ಯಾಪ್ಟಿಸ್ಟ್ ಮಾತು ಕೊಟ್ಟಿದ್ದರು. ಸೋಮವಾರ ಜೆಸಿಬಿ ಬರುವುದಿತ್ತು.

ಅಂದಿನಿಂದ ರೋಸಿಬಾಯಿಗೆ ಕೂತಲ್ಲಿ ಕೂರಲಾಗಲಿಲ್ಲ. ಪಕ್ಕದವರು ತಮ್ಮ ಗುಡ್ಡೆಯ ಮಣ್ಣು ತೆಗೆಸಿದ ವರ್ಷವೇ ಅವರ ಬಾವಿ ಬೇಸಿಗೆಗೆ ಮುಂಚೆ ಬತ್ತಿತ್ತು. ಆದರೆ ಒಡಹುಟ್ಟಿದ ತಮ್ಮನಿಗೆ ಬೇಡ ಎನ್ನುವುದು ಹೇಗೆ?

ಶನಿವಾರ ಸುದ್ದಿ ಕೇಳಿ ಅದೇ ಹಳ್ಳಿಯ ದೀಕ್ಷಿತಾ ಬಂದಳು. ಮಣಿಪಾಲದಲ್ಲಿ ಮಣ್ಣಿನ ಬಗ್ಗೆ ಸಂಶೋಧನೆ ಮಾಡುವ ಹುಡುಗಿ. "ತೆಗೆಯುವ ಮೊದಲು ಒಮ್ಮೆ ಅಳೆದು ನೋಡಲಾ?" ಎಂದಳು.

"ಎಂತ ಅಳೆಯುವುದು?" ಬ್ಯಾಪ್ಟಿಸ್ಟ್ ನಕ್ಕರು. "ಅಲ್ಲಿ ಬರೀ ಹುಲ್ಲು ಅಲ್ವಾ? ಒಂದು ಮರ ಉಂಟಾ?"

"ಹುಲ್ಲು ಕೂಡ ಗಾಳಿಯಿಂದ ಇಂಗಾಲ ಎಳೆದುಕೊಳ್ತದೆ, ಬ್ಯಾಪ್ಟಿಸ್ಟ್ ಪೊರ್ಬುಗಳೇ. ಹೆಚ್ಚಿನದ್ದನ್ನು ಬೇರಿನಲ್ಲಿ ಇಡ್ತದೆ. ಬೇರು ಕೊಳೆತು ಮಣ್ಣಿಗೆ ಸೇರ್ತದೆ. ಅದನ್ನು ಅಗೆದು ಹರಡಿದರೆ ಇಂಗಾಲದ ಒಂದು ಪಾಲು ಪುನಃ ಗಾಳಿಗೆ ಹೋಗ್ತದೆ. ಭೂಮಿ ಬಿಸಿಯಾಗುವುದಕ್ಕೆ ಅದೂ ಒಂದು ಕಾರಣ."

ಮೂವರೂ ಗುಡ್ಡೆ ಹತ್ತಿದರು. ದೀಕ್ಷಿತಾ ನೆಲದ ಮೇಲೆ ಕಬ್ಬಿಣದ ಚೌಕಟ್ಟು ಇಟ್ಟು, ಅದರೊಳಗಿನ ಹುಲ್ಲನ್ನಷ್ಟೇ ಕೊಯ್ದು ಚೀಲಕ್ಕೆ ತುಂಬಿದಳು. ಒಣಗಿಸಿ ತೂಗಲಿಕ್ಕೆ. ಆಮೇಲೆ ಒಂದು ಕೊಳವೆಯನ್ನು ನೆಲಕ್ಕೆ ಬಡಿದು ಮಣ್ಣು ತೆಗೆದಳು. ಕಪ್ಪು ಮಣ್ಣು, ತುಂಬಾ ಕೂದಲಿನಂಥ ಬೇರು. ಪಕ್ಕದವರ ಬೋಳು ಜಾಗದಲ್ಲಿ ಅದೇ ಕೊಳವೆ ಇಳಿಯಲು ಒದ್ದಾಡಿತು. ಸಿಕ್ಕಿದ್ದು ಕೆಂಪು ಹೆಂಟೆ.

ರೋಸಿಬಾಯಿ ಮನೆಯಿಂದ ನೀರು ತಂದು ಎರಡೂ ಕಡೆ ಸುರಿದರು. ಬೋಳು ಜಾಗದ ನೀರು ಇಳಿಜಾರಿನಲ್ಲಿ ಓಡಿಹೋಯಿತು. ಹುಲ್ಲಿನ ಬುಡದ್ದು ಅಲ್ಲೇ ಇಂಗಿತು.

"ಇಂಗಾಲ ಎಷ್ಟು ಉಂಟು, ಹೇಳು ಮಗಾ" ಎಂದರು ರೋಸಿಬಾಯಿ.

"ಲ್ಯಾಬಿನಲ್ಲಿ ನೋಡದೆ ಹೇಳಿದರೆ ಸುಳ್ಳಾಗ್ತದೆ. ಎರಡು ವಾರ ಬೇಕು."

ಆ ಸಂಜೆ ರೋಸಿಬಾಯಿ ತಾವೇ ತಮ್ಮನಿಗೆ ಫೋನ್ ಮಾಡಿದರು. "ಎರಡು ವಾರ ತಡಿ, ಕಾರ್ಲ್ಟನ್."

"ನನ್ನ ರಜೆ ಮುಗಿಯುತ್ತದೆ ಅಕ್ಕ. ಬರೀ ಹುಲ್ಲಿಗಾಗಿ ನನ್ನ ಕೆಲಸ ನಿಲ್ಲಿಸುತ್ತೀಯಾ?" ಅವನು ಫೋನ್ ಇಟ್ಟುಬಿಟ್ಟ.

ಬ್ಯಾಪ್ಟಿಸ್ಟ್ ಜೆಸಿಬಿಯವನಿಗೆ ಎರಡು ವಾರ ಬಿಟ್ಟು ಬರಲು ಹೇಳಿದರು. ಆ ದಿನಗಳಲ್ಲಿ ರೋಸಿಬಾಯಿ ಹುಲ್ಲು ಕೊಯ್ಯಲು ಹೋದರೆ ಕತ್ತಿ ಹಿಡಿದುಕೊಂಡು ಸುಮ್ಮನೆ ನಿಂತುಬಿಡುತ್ತಿದ್ದರು.

ಕೊನೆಗೆ ದೀಕ್ಷಿತಾ ಬಂದು ಹೇಳಿದಳು: ಬೋಳು ಜಾಗಕ್ಕಿಂತ ಹುಲ್ಲಿನ ಮಣ್ಣಿನಲ್ಲಿ ಸುಮಾರು ಮೂರು ಪಟ್ಟು ಇಂಗಾಲ. "ಒಮ್ಮೆ ಹೋದರೆ ಇಷ್ಟು ಸೇರಲಿಕ್ಕೆ ತುಂಬಾ ವರ್ಷ ಬೇಕು."

ಬ್ಯಾಪ್ಟಿಸ್ಟ್ ಎದ್ದು ಅಂಗಳಕ್ಕೆ ಹೋದರು. ತಿರುಗಿ ಬಂದಾಗ ಕೈಯಲ್ಲಿ ಫೋನ್ ಇತ್ತು. "ಜೆಸಿಬಿಯವನಿಗೆ ಬೇಡ ಅಂದೆ. ಮಾತು ಕೊಟ್ಟವ ನಾನು, ಕಾರ್ಲ್ಟನಿಗೂ ನಾನೇ ಹೇಳ್ತೇನೆ."

ಕಾರ್ಲ್ಟನ್ ಹಳೆ ಕಟ್ಟಡ ಕೆಡವಿದ ಕಲ್ಲುಮಣ್ಣು ತರಿಸಿ ಜಾಗ ತುಂಬಿಸಿದ. ಕೋಪ ಇನ್ನೂ ಪೂರ್ತಿ ಇಳಿದಿಲ್ಲ. ಆದರೆ ಮೊನ್ನೆ ಅಕ್ಕನಿಗೆ ಫೋನ್ ಮಾಡಿ, ಬಾವಿಯಲ್ಲಿ ನೀರು ಎಷ್ಟುಂಟು ಎಂದು ಕೇಳಿದ.

ನಿಮ್ಮ ಊರಿನಲ್ಲೂ ಇಂಥ ಹುಲ್ಲಿನ ಗುಡ್ಡೆ ಇರಬಹುದು. ಅದನ್ನು ಬಂಜರು ಎಂದು ಅಗೆಯಲು ಕೊಡಬೇಡಿ. ಮಣ್ಣಿನಲ್ಲಿ ಸಾವಯವ ಇಂಗಾಲ ಎಷ್ಟಿದೆ ಎಂದು ಮೊದಲು ಪರೀಕ್ಷೆ ಮಾಡಿಸಿ. ಮಾದರಿ ತೆಗೆಯುವ ಕ್ರಮವನ್ನು ಹತ್ತಿರದ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ಈ ವಾರವೇ ಹೋಗಿ.